ಓರೆ ನಿಂತ ಕವಡೆ

ಭೂಮಿಯ ಮೇಲಿನ ಆಟಗಳೆಲ್ಲ ವಿಶ್ವ ಕ್ರೀಡಾ ಮಹಾಮಂಡಳಿಯ ಸುಪರ್ದಿಗೆ ಹೋದ ಮೇಲೆ, ನಂಜನಗೂಡಿನ ಸುಂದರಮ್ಮನವರ ಚೌಕಾಬಾರಕ್ಕೂ ಗುಬ್ಬಚ್ಚಿ ಗಾತ್ರದ ಅಂಪೈರ್ ಯಂತ್ರವೊಂದು ಬಂದು ಕಿಟಕಿಯಲ್ಲಿ ಕೂರತೊಡಗಿತು. ಪಾಪ, ಕೆಟ್ಟದ್ದೇನಲ್ಲ. ಆದರೆ ಕವಡೆ ಚಾಪೆಯಂಚಿಗೆ ಓರೆಯಾಗಿ ನಿಂತರೆ, ಅದು ಮಗುಚಿದ್ದೋ ಅಂಗಾತವೋ ಎಂದು ತಕ್ಷಣ ಹೇಳಿಬಿಡುತ್ತಿತ್ತು. ಸುಂದರಮ್ಮ ಮತ್ತು ನಾದಿನಿ ಕಮಲಾಕ್ಷಿ ಊಟದಿಂದ ಕಾಫಿಯವರೆಗೆ ಎಳೆಯುತ್ತಿದ್ದ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಉಳಿದ ಮಧ್ಯಾಹ್ನವೆಲ್ಲ ಇಬ್ಬರೂ ಆಕಳಿಸುತ್ತಿದ್ದರು.

ಇಂದೂ ಕವಡೆ ಓರೆಯಾಗಿ ನಿಂತಿತು. "ಅಂಗಾತ. ಕಮಲಾಕ್ಷಿಯವರಿಗೆ ಜಯ," ಎಂದಿತು ಯಂತ್ರ.

"ನಾನು ಒಪ್ಪಲ್ಲ," ಎಂದರು ಸುಂದರಮ್ಮ.

ಗೆದ್ದ ಕಮಲಾಕ್ಷಿಯೂ ಹೇಳಿದರು, "ನಾನೂ ಒಪ್ಪಲ್ಲ."

ಯಂತ್ರ ತಡವರಿಸಿತು. "ಹಾಗಾದರೆ ಇದು ಮಹಾಮಂಡಳಿಗೆ ಹೋಗುತ್ತದೆ. ತೀರ್ಪಿಗೆ ವರ್ಷಗಳೇ ಹಿಡಿಯಬಹುದು."

"ಅಲ್ಲೀವರ್ಗೂ ಯಾರು ಗೆದ್ದ ಹಾಗೆ?" ಎಂದು ಕೇಳಿದರು ಸುಂದರಮ್ಮ.

"ಹೇಳಲಾಗದು."

ಸುಂದರಮ್ಮ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕೂತರು. "ಕೇಳ್ದೇನೇ ಕಮಲೂ? ಗೆದ್ದಿದ್ದು ನಾನೇ!"

"ಅಯ್ಯೋ, ಮೊದ್ಲು ಕಣ್ಣು ತೋರಿಸ್ಕೊಳ್ಳಿ ಅತ್ತಿಗೆ!"

ಒಲೆಯ ಮೇಲೆ ಕಾಫಿಯ ಹಾಲು ಉಕ್ಕುತ್ತಿದೆಯೆಂದು ಅಂಪೈರು ಮತ್ತೆ ಮತ್ತೆ ಕೂಗಿತು. ಅದರ ಮಾತನ್ನು ಕೇಳುವವರೇ ಇರಲಿಲ್ಲ.