ಎರಡನೇ ಬ್ಯಾಟರಿ

ಮೆಕ್ಯಾನಿಕ್ ಜೀಪಿನ ಅಡಿಯಲ್ಲಿ ಅಂಗಾತ ಮಲಗಿ ಬೋಲ್ಟ್ ಬಿಗಿಯುತ್ತಿದ್ದ. ಅವನ ಮೂಗಿನಿಂದ ಗೇಣು ದೂರದಲ್ಲಿ ಗಿರಾಕಿಯ ಬೂಟುಗಳು ನಿಂತಿದ್ದವು. ಬೂಟುಗಳು ಫೋನಿನಲ್ಲಿ ಪಿಸುಗುಡುತ್ತಿದ್ದವು.

“ಮನೆಯವರಿಗೆ ಇನ್ನೂ ಸುಳಿವಿಲ್ಲ. ನೀನು ಬಟ್ಟೆ ತುಂಬಿಟ್ಟುಕೋ. ಗಾಡಿ ಸಿದ್ಧವಾದ ಕೂಡಲೇ ಹೊರಡೋದೇ.”

ಸ್ಪ್ಯಾನರ್ ಕೈಜಾರಿ ಎದೆಯ ಮೇಲೆ ಬಿತ್ತು. ಮೆಕ್ಯಾನಿಕ್‌ಗೆ ನೋವೇ ಆಗಲಿಲ್ಲ. ಇಂಥ ಸುದ್ದಿ ಕಿವಿಗೆ ಬಿದ್ದ ಹೊತ್ತಿನಲ್ಲಿ ನೋವಿಗೆಲ್ಲಿ ಪುರುಸೊತ್ತು?

ಹಡಗು ತಾತ ಓಡಿಹೋಗುತ್ತಿದ್ದಾನೆ. ಅದೂ ಹೆಣ್ಣನ್ನು ಕರೆದುಕೊಂಡು.

ತಾತ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಬೇಸಿಗೆಯಿಂದೀಚೆಗೆ ಗ್ಯಾರೇಜಿಗೆ ಅವನ ಕಾಟ ವಿಪರೀತವಾಗಿತ್ತು. ಒಂದು ದಿನ ವೈಪರ್ ಕಿರುಗುಟ್ಟುತ್ತದೆ, ಇನ್ನೊಂದು ದಿನ ಹಾರ್ನಿಗೆ ಗಂಟಲು ಕಟ್ಟಿದೆ. ಬಂದವನು ಚಹಾ ಕುಡಿಯದೆ ಏಳುತ್ತಿರಲಿಲ್ಲ. ಈ ಸಲ ಮಾತ್ರ ನಿಜವಾದ ಕೆಲಸ ತಂದಿದ್ದ. ಕ್ಯಾರವಾನ್ ಅನ್ನುವ ಗಾಲಿಮನೆಯೊಂದನ್ನು ಕೊಂಡಿದ್ದ, ಅದನ್ನು ಎಳೆಯಲು ಜೀಪಿನ ಹಿಂದೆ ಟೋ ಬಾರ್ ಕೂರಿಸಬೇಕು, ಬಾನೆಟ್ಟಿನೊಳಗೆ ಎರಡನೇ ಬ್ಯಾಟರಿ ಇಡಬೇಕು.

ಮೆಕ್ಯಾನಿಕ್ ತೆವಳಿಕೊಂಡು ಹೊರಬಂದ. “ಯಜಮಾನ್ರೇ, ನನ್ನ ಹತ್ರ ಮುಚ್ಚುಮರೆ ಬೇಡ. ಯಾರವಳು?”

ತಾತನ ಮುಖ ಬ್ರೇಕ್ ಲೈಟಿನ ಹಾಗೆ ಕೆಂಪಾಯಿತು. “ನಿಮ್ಮ ಹತ್ರ ಅದೇ ಮಾತಾಡಬೇಕು ಅಂತಿದ್ದೆ. ವಿಷಯ ಏನಂದ್ರೆ—”

“ಬೇಡ ಬೇಡ, ಹೆಸರು ಹೇಳಬೇಡಿ. ನನ್ನ ಬಾಯಲ್ಲಿ ಗುಟ್ಟು ನಿಲ್ಲಲ್ಲ. ಮನೆಯವರು ಒಪ್ಪಲ್ವಾ?”

“ಕೆಟ್ಟವರೇನಲ್ಲ. ಆದರೆ ಅವಳಿಲ್ಲದೆ ಅವರ ಮನೆ ಒಂದು ದಿನಾನೂ ನಡೆಯಲ್ಲ.”

“ಹಾಗಿದ್ರೆ ಆಳು ಇಟ್ಕೊಳ್ಳಲಿ. ಅವಳೇನು ಅವರಿಗೆ ದುಡಿಯೋಕೇ ಹುಟ್ಟಿದಾಳಾ?” ಮೆಕ್ಯಾನಿಕ್‌ಗೆ ಆವೇಶವೇ ಬಂತು. “ನಾನೂ ಓಡಿಸಿಕೊಂಡು ಹೋಗೇ ಮದುವೆಯಾದೋನು. ಆಗ ನಮ್ಮಮ್ಮ ಮಾಡಿದ ರಂಪ ನೋಡಬೇಕಿತ್ತು. ಈಗ ಸೊಸೆ ಅಂದ್ರೆ ಪ್ರಾಣ. ಎಲ್ಲ ಸರಿಹೋಗುತ್ತೆ, ನೀವು ಧೈರ್ಯ ಮಾಡಿ.”

ಗೋಡೆ ಪಕ್ಕ ಸ್ಟೂಲಿನ ಮೇಲೆ ನಿಂತು ಆಯಿಲ್ ಡಬ್ಬಿ ಜೋಡಿಸುತ್ತಿದ್ದ ಅಮ್ಮ ಒಂದು ಡಬ್ಬಿಯನ್ನು ಕೆಳಗೆ ಬೀಳಿಸಿದಳು.

“ಬಿಡಮ್ಮ, ಆಮೇಲೆ ಒರೆಸಿದರಾಯ್ತು. ಯಜಮಾನ್ರಿಗೆ ಚಹಾ ಕೊಡು. ಹಾಗೇ ನನ್ನ ಅಂಗಿಗೆ ಗುಂಡಿ ಹಾಕಿಬಿಡು. ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋ ಹೊತ್ತಾಯ್ತಲ್ವಾ?”

ಅಮ್ಮ ಸ್ಟೂಲಿನಿಂದ ಇಳಿದು ಒಳಗೆ ಹೋದಳು.

ಮುಂದಿನ ದಿನಗಳಲ್ಲಿ ಮೆಕ್ಯಾನಿಕ್ ಆ ಜೀಪಿಗೆ ತನ್ನ ಪ್ರಾಣವನ್ನೇ ಸುರಿದ. ಟೋ ಬಾರನ್ನು ಚಾಸಿಗೆ ಕಚ್ಚಿ ಕೂರುವಂತೆ ಬಿಗಿದ. ಗಾಲಿಮನೆಯ ದೀಪಗಳಿಗೆ ವೈರು ಎಳೆದ. ಕೆಲಸದ ನಡುನಡುವೆ ಆ ಹೆಣ್ಣು ಯಾರಿರಬಹುದೆಂದು ಮನಸ್ಸಿನಲ್ಲೇ ಬೀದಿಯನ್ನೆಲ್ಲ ಜಾಲಾಡಿದ. ತಾತ ಎಡಬಾಗಿಲಿಗೆ ಮೆಟ್ಟಿಲು ಬೇಕೆಂದ, ಆಕೆ ಸ್ವಲ್ಪ ಗಿಡ್ಡಗಿದ್ದಾಳಂತೆ. ಬೇಕರಿಯ ಹುಡುಗಿಯೇ ಇರಬೇಕು. ಹೊಲಿಗೆ ಮೆಷಿನ್ನಿಗೆ ಪ್ಲಗ್ಗು ಬೇಕೆಂದ. ಛೇ, ಹಾಗಾದರೆ ಮೂಲೆಯಂಗಡಿಯ ಟೈಲರಮ್ಮನ ತಂಗಿ.

“ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ಜನ ಕೇಳಲ್ವೇನೋ?” ಎಂದಳು ಅಮ್ಮ. ಅವಳು ಕುರ್ಚಿಯ ಮೇಲೆ ಕೂತು ಯಾರದೋ ಆರ್ಡರಿನ ಪರದೆಗಳಿಗೆ ಅಂಚು ಹೊಲಿಯುತ್ತಿದ್ದಳು.

“ಜನಕ್ಕೇನು, ಕೇಳ್ತಾರೆ. ಜನ ಬಂದು ಮುದುಕನ ಬೆನ್ನು ಉಜ್ಜುತ್ತಾರಾ?”

“ಥೂ, ನಿನ್ನ ಬಾಯಿಗಿಷ್ಟು.” ಅಮ್ಮ ನಗು ತಡೆಯಲು ದಾರ ಕಚ್ಚಿದಳು. “ಅದ್ಯಾಕೆ ಎರಡೆರಡು ಬ್ಯಾಟರಿ?”

“ಇಂಜಿನ್ ನಿಲ್ಲಿಸಿ ಫ್ಯಾನು, ಫ್ರಿಜ್ಜು ಹಾಕ್ಕೊಂಡು ಕೂತರೆ ಒಂದು ಬ್ಯಾಟರಿ ಸತ್ತೇಹೋಗುತ್ತೆ. ಆಮೇಲೆ ಗಾಡಿ ಹೊರಡಲ್ಲ. ಅದಕ್ಕೇ ಮೊದಲನೆಯದು ಡ್ಯೂಟಿಗೆ, ಎರಡನೆಯದು ಮಜಾಕ್ಕೆ.”

“ಪಾಪ,” ಎಂದಳು ಅಮ್ಮ. “ಇಷ್ಟು ವರ್ಷ ಬರೀ ಡ್ಯೂಟಿಯೇ ಆಯ್ತು ಅನ್ನು.”

“ಯಾವುದಕ್ಕೆ?”

“ಬ್ಯಾಟರಿಗೆ ಕಣೋ.”

ಕೆಲಸ ಮುಗಿದ ದಿನ ತಾತ ಇಸ್ತ್ರಿ ಹಾಕಿದ ಕೋಟಿನಲ್ಲಿ ಬಂದ. ಮೆಕ್ಯಾನಿಕ್ ತಾನೇ ಗಾಲಿಮನೆಯನ್ನು ಕೊಂಡಿಗೆ ಸಿಕ್ಕಿಸಿ, ಹಿಂದೆ ನಿಂತು ದೀಪಗಳನ್ನು ಪರೀಕ್ಷಿಸಿದ. ಎಲ್ಲವೂ ಸರಿಯಾಗಿ ಉರಿದವು. ಅವನು ಹೆಮ್ಮೆಯಿಂದ ಗಾಲಿಮನೆಯ ಬೆನ್ನು ತಟ್ಟಿದ.

“ನಿಮಗೊಂದು ಮಾತು ಹೇಳಲೇಬೇಕು,” ಎಂದ ತಾತ. “ಹೇಳದೆ ಹೋದರೆ ನ್ಯಾಯ ಅಲ್ಲ.”

“ಥ್ಯಾಂಕ್ಸು ಗೀಂಕ್ಸು ಎಲ್ಲ ಬೇಡ ಯಜಮಾನ್ರೇ. ಅವಳನ್ನ ಸುಖವಾಗಿ ನೋಡ್ಕೊಳ್ಳಿ, ಅಷ್ಟು ಸಾಕು.”

“ಒಲೆ ಮುಟ್ಟೋಕೂ ಬಿಡಲ್ಲ. ಮಾತು ಕೊಡ್ತೀನಿ.” ತಾತ ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣು ಒದ್ದೆಯಾಗಿತ್ತು. ಗಿರಾಕಿಯೊಬ್ಬ ಟೋ ಬಾರಿಗಾಗಿ ಕಣ್ಣೀರು ಹಾಕಿದ್ದನ್ನು ಮೆಕ್ಯಾನಿಕ್ ಹಿಂದೆಂದೂ ಕಂಡಿರಲಿಲ್ಲ.

“ಎಲ್ಲಿ ಹತ್ತಿಸ್ಕೊಳ್ತೀರಿ?”

“ಇಲ್ಲೇ ಬರ್ತೀನಿ ಅಂದಿದ್ದಾಳೆ.”

ಮೆಕ್ಯಾನಿಕ್ ಬಾಗಿಲಿಗೆ ಓಡಿದ. ಬೇಕರಿಯ ಹುಡುಗಿ ಬ್ರೆಡ್ಡು ಕತ್ತರಿಸುತ್ತಿದ್ದಳು. ಟೈಲರಮ್ಮನ ತಂಗಿ ಯಾರದೋ ಸೊಂಟದ ಅಳತೆ ತೆಗೆಯುತ್ತಿದ್ದಳು. ಬೀದಿ ಖಾಲಿ. ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದರೆ ಅಮ್ಮ, ಕೈಯಲ್ಲೊಂದು ಚೀಲ. ದಾರಿಗೆ ತಿಂಡಿ ಕಟ್ಟಿ ತಂದಿದ್ದಾಳೆ, ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡ.

“ಅಮ್ಮಾ, ಪಕ್ಕಕ್ಕೆ ಬಾ. ಹುಡುಗಿ ಬರೋ ಹೊತ್ತಾಯ್ತು.”

“ಬಂದಾಯ್ತು ಕಣೋ,” ಎಂದ ಅಮ್ಮ, ಮನೆಯ ಬೀಗದ ಕೈಯನ್ನು ಅವನ ಗ್ರೀಸು ಮೆತ್ತಿದ ಅಂಗೈಗೆ ಹಾಕಿ, ಜೀಪು ಹತ್ತಿ ಕುಳಿತಳು.