ಒಳಗೆ ಯಾರೂ ಇಲ್ಲ

ಮುಚ್ಚಿಟ್ಟ ಗಾಳಿಯಲ್ಲಿ ಮಾತು ಉಳಿದುಬಿಡುತ್ತದೆ. ನಮ್ಮ ವೀಕ್ಷಣಾಲಯಕ್ಕೆ ಹೊರಗಿನವರು ಯಾವ ಉಪಕರಣ ತಂದರೂ, ದೂರದರ್ಶಕಕ್ಕೆ ಜೋಡಿಸುವ ಮುಂಚೆ ಪಂಪು ಹಾಕಿ ಅದರೊಳಗಿನ ಗಾಳಿಯನ್ನೆಲ್ಲ ತೆಗೆಯಬೇಕು. ಆಮೇಲೆ ನಾನು ಫಾರಂನಲ್ಲಿ ‘ಒಳಗೆ ಯಾರೂ ಇಲ್ಲ’ ಎಂದು ಬರೆದು ಸಹಿ ಹಾಕಬೇಕು.

ವನಜಾ ತಂದ ಕ್ಯಾಮೆರಾವನ್ನು ಅವರಪ್ಪ ಮನೆಯಲ್ಲೇ ಕೂತು ಮಾಡಿದ್ದರಂತೆ. ಮುಚ್ಚಳ ಬಿಗಿದ ವಾರಕ್ಕೇ ತೀರಿಕೊಂಡರಂತೆ.

“ಹಾಗೇ ಜೋಡಿಸೋಕಾಗಲ್ವಾ ಸರ್?”

“ಎಲ್ಲರೂ ಇದನ್ನೇ ಕೇಳ್ತಾರೆ. ಗಾಳಿ ಇದ್ರೆ, ಕ್ಯಾಮೆರಾ ತಣ್ಣಗಾದಾಗ ಒಳಗೆ ಮಂಜು ಕಟ್ಟುತ್ತಮ್ಮಾ. ಒಂದು ನಕ್ಷತ್ರವೂ ಕಾಣಲ್ಲ.”

ಅವರು ಆಗಲಿ ಎಂದು ತಲೆಯಾಡಿಸಿದರು. ಪಂಪು ಶುರು ಮಾಡಿದೆ. ಕೊಳವೆಯಿಂದ ಮೊದಲು ಕೆಮ್ಮು ಬಂತು, ಆಮೇಲೆ ವಯಸ್ಸಾದ ದನಿ.

“ವನಜಾ, ಆ ಸಣ್ಣ ಸ್ಕ್ರೂಡ್ರೈವರ್ ಕೊಡೇ.”

ವನಜಾ ನನ್ನ ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡು ಕೊಳವೆಯ ಕಡೆ ಚಾಚಿದರು.

“ಹ್ಞಾಂ, ಬಂತು,” ಎಂದಿತು ದನಿ. “ಇನ್ನು ನೀನು ಹೋಗಿ ಊಟ ಮಾಡು.”

ಮಾಪಕದ ಮುಳ್ಳು ಸೊನ್ನೆಗೆ ಬಂದು ನಿಂತಿತು. ಕೊಳವೆ ಸುಮ್ಮನಾಯಿತು. ನಾನು ಫಾರಂ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದೆ.

ಸ್ಕ್ರೂಡ್ರೈವರ್ ಹಿಡಿದ ಅವರ ಕೈ ಇನ್ನೂ ಚಾಚಿಕೊಂಡೇ ಇತ್ತು.