ಚಂದ ಇದ್ದ ಮೂಲಿ

"ಲೋ ಗ್ರೇಡ್ ರೀ ಮೇಡಂ," ಅಂದ ಗಗನ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೀದನ. ಕೋಠಿ ಏರಿಯಾದ ಆ ಲ್ಯಾಬಿನ್ಯಾಗ ಸ್ಲೈಡ್ ನೋಡಿ, ಕ್ಯಾನ್ಸರ್ ಎಷ್ಟು ಜೋರ ಐತಿ ಅನ್ನೂ ಗ್ರೇಡನ್ನ ಮೊದ್ಲು ಗಗನನಂಥ ಟ್ರೈನಿ ಹೇಳಬೇಕು, ಆಮ್ಯಾಲೆ ಮೇಡಂ. ದಿನಾ ಆದ್ರ ಕೆಟ್ಟ ಜೀವಕೋಶ ಕಂಡಕೂಡ್ಲೆ ಗಗನ ದನಿ ಗಡಸು ಮಾಡಿ, "ಎಂಟ್ರಿ ಕೊಟ್ಟಾನ ನೋಡ್ರಿ ನಮ್ಮ ಖಳನಾಯಕ!" ಅಂತ ಎಲ್ಲಾರನ್ನೂ ನಗಸ್ತಿದ್ದ. ಇವತ್ತಿನ ಸ್ಲೈಡ್ ಗಗನನ ಅಪ್ಪ ಹನುಮಂತರಾಯರದು, ಮೂತ್ರಕೋಶದ ಗಡ್ಡಿ. ಹೈ ಗ್ರೇಡ್ ಅಂದ್ರ ಮೂತ್ರಕೋಶಾನ ತೆಗೀಬೇಕಾಗಬಹುದು.

"ನಾ ಒಬ್ಬಾಕೀನ ನೋಡ್ತೀನಿ, ನೀ ಚಾ ಕುಡದು ಬಾರೋ ಹೀರೋ," ಅಂತ ಸಂಯುಕ್ತಾ ಮೇಡಂ ಮೊದಲೇ ಹೇಳಿದ್ರು. ಇವ ಏಳಲಿಲ್ಲ. ಒಳಗ ಏನೂ ಅನಸವಲ್ದು, ಹಲ್ಲಿನ ಡಾಕ್ಟರ್ ಸೂಜಿ ಚುಚ್ಚಿದ ದವಡಿ ಹಂಗ.

ಜೋಡಿ ಮೈಕ್ರೋಸ್ಕೋಪಿನ ಆ ಕಡೆಯಿಂದ ಮೇಡಂ ಸುದ್ದಾ ಅದನ್ನೇ ನೋಡಾಕತ್ತಿದ್ರು. ಜೀವಕೋಶಗಳು ಒಂದೇ ಅಳತೀವು, ಸಾಲು ಹಿಡದು ನಿಂತಿದ್ವು. "ಈ ಮೂಲಿ ಚಂದ ಐತಿ. ಉಳದದ್ದು?"

"ಅದೂ ಭಾಳಷ್ಟು ಹಿಂಗ ಐತ್ರಿ."

"ಗಗನ, ಹತ್ತು ಮಂದಿ ಸಾದಾ ಇದ್ದು ಒಬ್ಬ ಖೂನಿ ಮಾಡಿದ್ರ ಕೇಸು ಯಾರ ಮ್ಯಾಲೆ? ಜೂನಿಯರ್‌ಗೋಳಿಗೆ ನೀನ ಹೇಳ್ತಿದ್ದೆಲ್ಲೋ."

"ಎಲ್ಲಿ ಭಾಳ ಕೆಟ್ಟೈತೋ, ಅದಕ್ಕ ಗ್ರೇಡ್ ಕೊಡಬೇಕ್ರಿ," ಅಂದ.

ಮೇಡಂ ಕೈ ಮುಂದ ಬರೂಕಿಂತ ಮೊದ್ಲ ಅವನ ಬಟ್ಟು ಗುಂಡಿ ತಿರುಗಿಸ್ತು. ಸ್ಲೈಡ್ ಸರೀತು, ಸಾಲು ಮುರೀತು. ಸಣ್ಣವು, ದೊಡ್ಡವು, ಕರ್ರಗಿನವು ಒಂದರ ಮ್ಯಾಲೊಂದು ಬಿದ್ದಿದ್ವು. ಅವ ಹುಡುಕಲೇ ಇಲ್ಲ. ಇಷ್ಟೊತ್ತೂ ಆ ಜಾಗ ಕಂಡರೂ ದಾಟಿಕೋತನ ಬಂದಿದ್ದ.

"ಇಲ್ಲಿ ಐತ್ರಿ," ಅಂದ. "ಹೈ ಗ್ರೇಡ್. ಬರಕೋರ್ರಿ."